ಹಡಗಿನ ಹೆಸರುಗಳ ನಕಾಶೆ: ನದಿಗಳು ಮುಗಿದವು, ಊರುಗಳು ಅರ್ಧ ಆದವು

ಪ್ಲೈವುಡ್ ಮೇಲೆ ಬರೆದ ಭಾರತದ ನಕಾಶೆಗೆ ಈ ವಾರ ನದಿಗಳ ದಾರ ಕಟ್ಟಿ ಮುಗಿಸಿದೆ. ನಮ್ಮ ನೌಕಾಪಡೆಯ ಹಡಗಿನ ಹೆಸರು ಯಾವ ಊರು, ಹೊಳೆ, ಬೆಟ್ಟದ್ದೋ ಅಲ್ಲೊಂದು ಗುಂಡುಸೂಜಿ. ಹಡಗಿನ ಒಂದೊಂದು ದರ್ಜೆಗೂ, ಅಂದರೆ ಒಂದೇ ವಿನ್ಯಾಸದ ಹಡಗುಗಳ ಗುಂಪಿಗೂ, ಒಂದೊಂದು ಬಣ್ಣದ ದಾರ. ಗಂಗಾ, ಗೋದಾವರಿ, ಗೋಮತಿ ಒಂದು ಬಣ್ಣ. ಬ್ರಹ್ಮಪುತ್ರ, ಬೇತ್ವಾ, ಬಿಯಾಸ್ ಇನ್ನೊಂದು. ಒಂದು ದರ್ಜೆಗೆ ಒಂದೇ ಮೊದಲಕ್ಷರ ಇಡುವ ಈ ರೂಢಿ ಬ್ರಿಟಿಷ್ ನೌಕಾಪಡೆಯಲ್ಲೂ ಇದ್ದದ್ದೇ.

ಅಣ್ಣನ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, “ಕಾಕಾ, ನಮ್ಮ ಭೀಮಾ ಹೊಳಿ ಹೆಸರ ಯಾಕ ಹಚ್ಚಿಲ್ಲ?” ಅಂದಳು. “ಭೀಮಾ ಹೋಗಿ ಕೂಡೂದು ಕೃಷ್ಣಾಕ್ಕೇ ಅಲ್ಲೇನವ್ವಾ, ಅದರ ಹೆಸರ ಅದ ನೋಡು” ಅಂದೆ. ಬ್ರಿಟನ್ನಿನ ಯುದ್ಧನೌಕೆ ‘ಆಂಡ್ರೊಮೆಡಾ’ 1995ರಲ್ಲಿ ನಮ್ಮದಾಗಿ ಐಎನ್‌ಎಸ್ ಕೃಷ್ಣಾ ಎನಿಸಿತು. ಕೆಡೆಟ್‌ಗಳ ತರಬೇತಿಗೆ 2012ರವರೆಗೆ ದುಡಿಯಿತು. ಯಾದಗಿರಿ ಜಿಲ್ಲೆ ದಾಟುವ ಆ ನೀಲಿ ಗೆರೆಯ ಮೇಲೆ ಸೂಜಿ ಚುಚ್ಚಿದವಳು ಅವಳೇ.

ಮೈಸೂರಿಗೆ ಎರಡು ಸೂಜಿ ಬೇಕಾದವು. 1957ರಲ್ಲಿ ಬ್ರಿಟನ್ನಿನಿಂದ ಬಂದ ಕ್ರೂಸರ್ ‘ನೈಜೀರಿಯಾ’ಕ್ಕೆ ನಾವು ಮೈಸೂರು ಎಂದು ಹೆಸರಿಟ್ಟೆವು. ಅದು 1985ರಲ್ಲಿ ನಿವೃತ್ತಿಯಾಯಿತು. 1999ರಲ್ಲಿ ಅದೇ ಹೆಸರು ಮುಂಬೈಯಲ್ಲಿ ಕಟ್ಟಿದ ಡೆಸ್ಟ್ರಾಯರಿಗೆ ಬಂತು, ಲಾಂಛನದಲ್ಲಿ ಗಂಡಭೇರುಂಡದ ಸಮೇತ. ವಿಮಾನವಾಹಕ ನೌಕೆ ವಿಕ್ರಾಂತ್‌ದೂ ಇದೇ ದಾರಿ: 1961ರದ್ದು ‘ಹರ್ಕ್ಯುಲಿಸ್’ ಆಗಿದ್ದ ಹಡಗು, 2022ರದ್ದು ಕೊಚ್ಚಿಯಲ್ಲೇ ಹುಟ್ಟಿದ್ದು. ಕೊಂಡ ಹಡಗಿಗೆ ನಮ್ಮ ಹೆಸರಿಡುತ್ತಿದ್ದ ಕಾಲ ಹೋಗಿ, ನಾವೇ ಕಟ್ಟಿದ್ದಕ್ಕೆ ಹಿರಿಯ ಹಡಗಿನ ಹೆಸರಿಡುವ ಕಾಲ ಬಂತು. ನನಗೆ ಈ ನಕಾಶೆಯಲ್ಲಿ ಎಲ್ಲಕ್ಕಿಂತ ಹೆಮ್ಮೆಯ ಭಾಗ ಈ ಜೋಡಿ ಸೂಜಿಗಳೇ.

ಡೆಸ್ಟ್ರಾಯರ್‌ಗಳ ಕೆಂಪು ದಾರ ದೆಹಲಿ, ಮೈಸೂರು ಬಿಟ್ಟರೆ ಬಹಳ ಕಾಲ ಕರಾವಳಿಗೇ ಅಂಟಿಕೊಂಡಿತ್ತು: ಮುಂಬೈ, ಕೋಲ್ಕತ್ತ, ಕೊಚ್ಚಿ, ಚೆನ್ನೈ, ವಿಶಾಖಪಟ್ಟಣಂ, ಮುರ್ಮುಗಾಂವ್. 2023ರ ಡಿಸೆಂಬರ್ 26ರಂದು ಇಂಫಾಲ್ ಸೇವೆಗೆ ಸೇರಿತು. ಈಶಾನ್ಯದ ನಗರವೊಂದರ ಹೆಸರು ಹೊತ್ತ ಮೊದಲ ಯುದ್ಧನೌಕೆ. ದಾರ ಒಮ್ಮೆಲೇ ದೇಶದ ಆ ತುದಿಗೆ ಎಳೆಯಬೇಕಾಯಿತು.

ಹಾಗಿದ್ದರೆ ಬೀದರ್ ಯಾಕಾಗಬಾರದು? ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಸಮುದ್ರ ದಾಟಿ ದಾಭೋಳಕ್ಕೆ ಇಳಿದು ಬೀದರಿಗೆ ಬಂದವನು. ಅವನ ಮದರಸಾ ಎದ್ದ 1472ರಲ್ಲೇ ಗೋವಾ ಬಂದರು ಬಹಮನಿಗಳ ಕೈಸೇರಿತು. ಸಮುದ್ರವಿಲ್ಲದ ಈ ಊರಿಗೆ ಸಮುದ್ರದ ನಂಟು ಐನೂರು ವರ್ಷಗಳದ್ದು. ಬನವಾಸಿಯ ಕದಂಬರ ಹೆಸರು ಕಾರವಾರದ ನೌಕಾನೆಲೆಗೆ ಸಿಕ್ಕಿದೆ. ನಮ್ಮ ಕಡೆಯ ಹೆಸರೂ ಒಂದು ಹಡಗಿನ ಮೇಲೆ ಕಾಣಲಿ ಎಂಬುದು ನನ್ನ ಮನಸಾರೆ ಆಸೆ.

ಇನ್ನು ಆಯುಧಗಳು ಉಳಿದಿವೆ. ತಲ್ವಾರ್, ತ್ರಿಶೂಲ್, ತಬರ್‌ಗೆ ನಕಾಶೆಯಲ್ಲಿ ಜಾಗವಿಲ್ಲ, ಅಂಚಿಗೆ ಬೇರೆ ಪಟ್ಟಿ ಹೊಡೆಯಬೇಕು. ಖುಕ್ರಿಯನ್ನು ಮಾತ್ರ ದೀವ್ ಹತ್ತಿರವೇ ಚುಚ್ಚುತ್ತೇನೆ: 1971ರ ಡಿಸೆಂಬರ್ 9ರಂದು ಮೊದಲ ಖುಕ್ರಿ ಮುಳುಗಿದ್ದು ಅಲ್ಲಿ. 1989ರಲ್ಲಿ ಅದೇ ಹೆಸರಿನಿಂದ ಬಂದ ಎರಡನೆಯದು 2021ರಲ್ಲಿ ನಿವೃತ್ತಿಯಾಗಿ ದೀವ್‌ಗೇ ಹೋಯಿತು.