ಥಂಡರ್‌ಬರ್ಡ್ ಮುಂದೆ ಅಪ್ಪಯ್ಯ

ಅಪ್ಪಯ್ಯ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದ ಬೇಸಿಗೆಯಲ್ಲಿ ಅವರನ್ನು ಟಾಹೋ ಸರೋವರಕ್ಕೆ ಕರೆದೊಯ್ದಿದ್ದೆ. ಗಂಗೊಳ್ಳಿಯಲ್ಲಿ ಮರದ ದೋಣಿಗಳ ನಡುವೆ ಬೆಳೆದು, ಹಲಗೆಗಳಿಗೆ ಮೀನೆಣ್ಣೆ ಸವರಿದ ಕೈಯ ನಾತ ಮೂರು ದಿನ ಹೋಗುತ್ತಿರಲಿಲ್ಲವೆಂದು ಇಂದಿಗೂ ಹೇಳುವ ಅವರಿಗೆ, ನೆವಾಡಾ ದಡದ ಥಂಡರ್‌ಬರ್ಡ್ ಲಾಡ್ಜ್‌ನಲ್ಲಿ ಜೋಪಾನ ಮಾಡಿರುವ ಹಳೆಯ ಮೋಟಾರು ವಿಹಾರನೌಕೆಯನ್ನು ತೋರಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಲಾಡ್ಜ್ ಕಟ್ಟಿಸಿದ ಜಾರ್ಜ್ ವಿಟ್ಟೆಲ್ ಜನರ ಕಣ್ಣಿನಿಂದ ದೂರವಿರಲು ಬಯಸಿದ ಆಗರ್ಭ ಶ್ರೀಮಂತ. ದೋಣಿಮನೆಗೆ ಹೋಗಲೆಂದೇ ಸುಮಾರು 600 ಅಡಿಯ ಸುರಂಗವನ್ನು ಕೊರೆಸಿದ್ದ. ಆ ತಣ್ಣನೆಯ ಸುರಂಗವನ್ನು ದಾಟಿ ಹೊರಬಂದಾಗ 55 ಅಡಿ ಉದ್ದದ ಥಂಡರ್‌ಬರ್ಡ್ ಅರೆಗತ್ತಲೆಯ ನೀರಿನಲ್ಲಿ ನಿಂತಿತ್ತು. ಜಾನ್ ಹ್ಯಾಕರ್ ವಿನ್ಯಾಸಗೊಳಿಸಿದ ಈ ನೌಕೆಯನ್ನು ಮಿಷಿಗನ್‌ನ ಬೇ ಸಿಟಿಯಲ್ಲಿ ಕಟ್ಟಿ, ರೈಲಿನಲ್ಲಿ ತಂದು, 1940ರ ಜುಲೈನಲ್ಲಿ ಟಾಹೋದಲ್ಲಿ ನೀರಿಗಿಳಿಸಿದರು. ವಿಟ್ಟೆಲ್‌ನ ಡಿಸಿ-2 ವಿಮಾನವನ್ನು ಹೋಲುವಂತೆ ಮಾಡಿದ ಮೇಲ್ಭಾಗವೆಲ್ಲ ಸ್ಟೇನ್‌ಲೆಸ್ ಸ್ಟೀಲ್. ನಿಜ ಹೇಳಬೇಕೆಂದರೆ, ನನಗೆ ಅದು ಹೋಟೆಲಿನ ಇಡ್ಲಿ ಪಾತ್ರೆಯನ್ನು ನೆನಪಿಸಿತು.

1962ರಲ್ಲಿ ನೌಕೆಯನ್ನು ಕೊಂಡ ಕ್ಯಾಸಿನೊ ಒಡೆಯ ಬಿಲ್ ಹರಾ, 550 ಅಶ್ವಶಕ್ತಿಯ ಹಳೆಯ ಎಂಜಿನ್‌ಗಳೆರಡನ್ನೂ ತೆಗೆಸಿ, ಯುದ್ಧವಿಮಾನಗಳಿಗೆಂದು ತಯಾರಾಗಿದ್ದ ಆಲಿಸನ್ ವಿ-12 ಎಂಜಿನ್‌ಗಳನ್ನು ಕೂರಿಸಿದ ಕಥೆಯನ್ನು ಮಾರ್ಗದರ್ಶಿ ಉತ್ಸಾಹದಿಂದ ಹೇಳುತ್ತಿದ್ದರು. ಕನ್ನಡಕ್ಕೆ ತಿರುಗಿಸಿ ಹೇಳೋಣವೆಂದು ನೋಡಿದರೆ ಅಪ್ಪಯ್ಯ ನನ್ನ ಪಕ್ಕದಲ್ಲಿರಲಿಲ್ಲ. ಅವರು ಕಟ್ಟೆಯ ಅಂಚಿನಲ್ಲಿ ಬಾಗಿ, ಮಹಾಗನಿ ಹಲಗೆಗಳು ಕೂಡುವ ಗೆರೆಯ ಮೇಲೆ ತೋರುಬೆರಳನ್ನು ಎಳೆಯುತ್ತಿದ್ದರು.

"ಕಾಣ್, ಉಗ್ರೂ ಹ್ವಾತಿಲ್ಲ" ಎಂದರು.

ಮುಟ್ಟಬಾರದೆಂದು ಮಾರ್ಗದರ್ಶಿ ನಗುತ್ತಲೇ ಹೇಳಿದರು. ನಾನು ಕ್ಷಮೆ ಕೇಳಿದೆ. ಮಳೆಗಾಲದಲ್ಲಿ ದಡಕ್ಕೆಳೆದಿಟ್ಟ ದೋಣಿಯನ್ನು ಮತ್ತೆ ಕಡಲಿಗಿಳಿಸುವ ಮೊದಲು, ಒಣಗಿ ಬಾಯಿಬಿಟ್ಟ ಸಂದುಗಳಿಗೆ ಹತ್ತಿ ತುಂಬಬೇಕಾಗುತ್ತಿತ್ತು, ಉಳಿದ ಸಂದನ್ನು ನೀರು ಕುಡಿದು ಉಬ್ಬಿದ ಮರವೇ ಮುಚ್ಚಿಕೊಳ್ಳುತ್ತಿತ್ತು ಎಂದು ಅಪ್ಪಯ್ಯ ವಿವರಿಸತೊಡಗಿದರು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಗದರ್ಶಿಯು ಎಂಜಿನ್ನಿನ ಕಥೆಯನ್ನು ಅಲ್ಲಿಗೇ ಬಿಟ್ಟು ಹತ್ತಿರ ಬಂದರು. ಇಲ್ಲಿ ಯಾವ ಎಣ್ಣೆ ಹಚ್ಚುತ್ತೀರಿ ಎಂಬುದು ಅಪ್ಪಯ್ಯನ ಪ್ರಶ್ನೆ. ಎಣ್ಣೆಯಲ್ಲ, ವಾರ್ನಿಷ್; ಉಜ್ಜಿ ನಯ ಮಾಡಿ, ಒಂದರ ಮೇಲೊಂದು ಪದರ ಬಳಿಯುತ್ತಾರೆ, ಬೆಟ್ಟದ ಮೇಲಿನ ಕಟು ಬಿಸಿಲಿಗೆ ಅದು ಕೆಡುವುದರಿಂದ ಮತ್ತೆ ಮತ್ತೆ ಬಳಿಯಲೇಬೇಕು ಎಂಬ ಉತ್ತರ ಬಂತು. ಅಪ್ಪಯ್ಯ ತಲೆಯಾಡಿಸಿದರು.

ಸುರಂಗದಲ್ಲಿ ಹಿಂತಿರುಗುವಾಗ ಅವರು ಆ ಬೆರಳನ್ನು ಮೂಗಿನ ಬಳಿ ಹಿಡಿದು ಒಮ್ಮೆ ಮೂಸಿದರು, ಏನೂ ಹೇಳಲಿಲ್ಲ.