ಎರಡು ಪಾಸ್‌ಪೋರ್ಟ್ ಇದ್ದರೆ ಹೆಸರು ಮೊದಲು ಎಲ್ಲಿ ಬದಲಾಯಿಸಬೇಕು?

ಈ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಎದುರಾಗುತ್ತದೆ. ಮೈಸೂರಿನ ಸರಸ್ವತಿಪುರಂನಲ್ಲಿ ವಾಕಿಂಗ್ ಹೋದಾಗ ಕೇಳುತ್ತಾರೆ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಕೇಳುತ್ತಾರೆ, ಮಕ್ಕಳು ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರು ರಾತ್ರಿ ಹೊತ್ತು ಫೋನ್ ಮಾಡಿ ಕೇಳುತ್ತಾರೆ. "ನಿಮಗೆ ಎರಡು ದೇಶದ ಪೌರತ್ವ ಇದೆಯಂತಲ್ಲ, ಹೆಸರೂ ಬದಲಾಯಿಸಿಕೊಂಡಿದ್ದೀರಂತೆ. ಹೇಗೆ ಮಾಡಿದ್ರಿ? ಮೊದಲು ಯಾವ ದೇಶದಲ್ಲಿ?" ಅರ್ಧ ಹೇಳುವಷ್ಟರಲ್ಲಿ ಹೋಳಿಗೆ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನನ್ನ ಎರಡು ಪೌರತ್ವದಲ್ಲಿ ಭಾರತ ಇಲ್ಲ. ನಾನು ಬ್ರಿಟನ್ ಮತ್ತು ಅಮೆರಿಕದ ಪ್ರಜೆ. ನನ್ನ ಹತ್ತಿರ ಇರುವುದು ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್, ಹೆಸರು ಹಾಗಿದ್ದರೂ ಅದು ಪೌರತ್ವ ಅಲ್ಲ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ ಎಂದು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಒಸಿಐ ಇದ್ದರೆ ವೀಸಾ ಇಲ್ಲದೆ ಬಂದು ಎಷ್ಟು ದಿನ ಬೇಕಾದರೂ ಇರಬಹುದು. ಓಟು ಹಾಕುವಂತಿಲ್ಲ, ಹೊಲ ಗದ್ದೆ ಕೊಳ್ಳುವಂತಿಲ್ಲ. "ನಮ್ಮ ಹುಡುಗ ಎರಡೂ ಇಟ್ಕೊಂಡಿದಾನೆ" ಎಂದು ಕೆಲವರು ಖುಷಿಯಿಂದ ಹೇಳುತ್ತಾರೆ. ವಿಚಾರಿಸಿದರೆ ಭಾರತದ ಹಳೇ ಪಾಸ್‌ಪೋರ್ಟನ್ನು ಇನ್ನೂ ಒಪ್ಪಿಸಿರುವುದಿಲ್ಲ. ದಯವಿಟ್ಟು ಹಾಗೆ ಇಟ್ಟುಕೊಳ್ಳಬೇಡಿ. ಅದು ತಪ್ಪು, ದಂಡವೂ ಬೀಳುತ್ತದೆ. ಹೆಸರು ಬದಲಾಯಿಸಲು ಹೋದ ದಿನವೇ ಅದು ಹೊರಗೆ ಬರುತ್ತದೆ, ಯಾಕೆಂದರೆ ಅಲ್ಲಿ ನಿಮ್ಮ ಎಲ್ಲ ಪಾಸ್‌ಪೋರ್ಟೂ ಮೇಜಿನ ಮೇಲೆ ಬರಬೇಕು.

ಇನ್ನು ನನ್ನ ಹೆಸರಿನ ಕಥೆ. ಸುಮ್ನೆ ಹೇಳುತ್ತಿಲ್ಲ, ಇದೇ ತೊಂದರೆ ಮಂಡ್ಯ ಮೈಸೂರು ಕಡೆಯ ಎಷ್ಟೋ ಜನರಿಗೆ ಇದೆ.

ನಮ್ಮ ಕಡೆ ಹೆಸರು ಹೇಗಿರುತ್ತದೆ? ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಗೆ ನಮ್ಮ ಹೆಸರು. ಮುಂದಿನ ಎರಡು ಇನಿಷಿಯಲ್ ಆಗುತ್ತವೆ. ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಅವರು ಪುಟ್ಟಪ್ಪ. ಇದರಲ್ಲಿ ಸರ್‌ನೇಮ್ ಯಾವುದು? ಯಾವುದೂ ಅಲ್ಲ. ಆದರೆ ಪಾಸ್‌ಪೋರ್ಟ್ ಫಾರಂನಲ್ಲಿ ಎರಡೇ ಮನೆ, ಒಂದು ಗಿವನ್ ನೇಮ್, ಇನ್ನೊಂದು ಸರ್‌ನೇಮ್. ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ನಮ್ಮೂರು ಮಂಡ್ಯ ತಾಲ್ಲೂಕಿನ ಬಸರಾಳು. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಸ್ಥಾನ ಇರುವ ಊರು. ನನ್ನ ಮದುವೆಯಾದ ಹೊಸದರಲ್ಲಿ ಫಾರಂ ತುಂಬಿಕೊಟ್ಟವರು ಇದ್ದ ಕ್ರಮದಲ್ಲೇ ಬರೆದರು. ಬಸರಾಳು ಮತ್ತು ಅಪ್ಪನ ಹೆಸರು ಗಿವನ್ ನೇಮ್ ಆಯಿತು. ಕೊನೆಯಲ್ಲಿದ್ದ ನನ್ನ ಹೆಸರು ಸರ್‌ನೇಮ್ ಆಯಿತು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

2001ರಲ್ಲಿ ಇಂಗ್ಲೆಂಡಿಗೆ ಹೋದೆ. ಮೊದಲ ಸಲ ಆಸ್ಪತ್ರೆಗೆ ಹೋದಾಗ ನಾನು ಬಸುರಿ. ಕಾಯುವ ಕೋಣೆಯಲ್ಲಿ ಕೂತಿದ್ದೆ. ನರ್ಸ್ ಬಂದು "ಬಸರಾಳು" ಎಂದು ಕೂಗಿದರು. ಸಾವಿರಾರು ಮೈಲಿ ದೂರದಲ್ಲಿ ನಮ್ಮೂರಿನ ಹೆಸರು ಕೇಳಿ ಒಂದು ಕ್ಷಣ ಎದೆ ಝಲ್ಲೆಂದಿತು, ಊರಿಂದ ಯಾರೋ ಬಂದಿರಬೇಕು ಅಂದುಕೊಂಡು ಬಾಗಿಲ ಕಡೆ ನೋಡಿದೆ. ಅವರು ಕರೆದಿದ್ದು ನನ್ನನ್ನು. ಆಮೇಲೆ ಹದಿನೇಳು ವರ್ಷ ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ನಾನು ಒಂದೋ ಊರು, ಇಲ್ಲವೇ ಅಪ್ಪ. ನನ್ನ ಹೆಸರಿನಿಂದ ಕರೆಯುವವರು ಮನೆಯಲ್ಲಿ ಮಾತ್ರ ಇದ್ದರು. ಹೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ. ದಿನಾ ಅನುಭವಿಸಿದರೆ ಸಣ್ಣದಲ್ಲ.

2008ರಲ್ಲಿ ಬ್ರಿಟನ್ ಪ್ರಜೆಯಾದಾಗಲೇ ಸರಿ ಮಾಡಿಸಬಹುದಿತ್ತು. ಆಗ ನನಗೆ ತಿಳಿಯಲಿಲ್ಲ. ಹಳೇ ಹೆಸರಿನಲ್ಲೇ ಪೌರತ್ವದ ಪ್ರಮಾಣಪತ್ರ ಬಂತು, ಅದೇ ಹೆಸರಿನಲ್ಲಿ ಪಾಸ್‌ಪೋರ್ಟ್, ಅದನ್ನು ನೋಡಿ ಒಸಿಐ. ಆಮೇಲೆ ಯಜಮಾನರ ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋದೆವು. 2018ರಲ್ಲಿ ಅಲ್ಲಿಯ ಪೌರತ್ವಕ್ಕೆ ಹಾಕುವ ಎನ್-400 ಅರ್ಜಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಹೆಸರು ಬದಲಾಯಿಸಿಕೊಳ್ಳುತ್ತೀರಾ ಎಂದು ಅದರಲ್ಲೇ ಕೇಳಿದ್ದರು.

ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ಗೊತ್ತಿರುವವರಿಗೂ ಅರ್ಧ ಗೊತ್ತಿರುತ್ತದೆ. ಅಮೆರಿಕದಲ್ಲಿ ಪೌರತ್ವ ಪಡೆಯುವಾಗಲೇ ಹೆಸರು ಬದಲಾಯಿಸಿಕೊಳ್ಳಬಹುದು, ನಿಜ. ಆದರೆ ವಲಸೆ ಇಲಾಖೆಯೇ ಆ ಕೆಲಸ ಮಾಡುವುದಿಲ್ಲ, ನ್ಯಾಯಾಲಯ ಮಾಡುತ್ತದೆ. ಅಂದರೆ ನಿಮ್ಮ ಪ್ರಮಾಣವಚನ ನ್ಯಾಯಾಧೀಶರ ಮುಂದೆ ನಡೆಯುವ ಸಮಾರಂಭದಲ್ಲೇ ಆಗಬೇಕು. ಇಲಾಖೆ ತಾನೇ ನಡೆಸುವ ಸಮಾರಂಭಕ್ಕೆ ಹೋದರೆ ಪೌರತ್ವ ಸಿಗುತ್ತದೆ, ಹೆಸರು ಹಳೆಯದೇ ಉಳಿಯುತ್ತದೆ. ಕೆಲವು ಕಡೆ ನ್ಯಾಯಾಲಯದ ಸಮಾರಂಭಕ್ಕೆ ಜಾಸ್ತಿ ದಿನ ಕಾಯಬೇಕಾಗುತ್ತದೆ. ನಾನು ಕಾಯ್ದೆ. ಅವಕಾಶ ತಪ್ಪಿಹೋಗಿದ್ದರೆ ಏನೂ ಮುಳುಗುವುದಿಲ್ಲ, ನೀವಿರುವ ರಾಜ್ಯದ ಕೋರ್ಟಿಗೆ ಅರ್ಜಿ ಹಾಕಿ ಆದೇಶ ತರಬೇಕು. ಖರ್ಚು, ಓಡಾಟ ಬೇರೆ.

ಆ ಪ್ರಮಾಣವಚನದ ಬಗ್ಗೆಯೂ ಹೆದರಿ ಕೇಳುತ್ತಾರೆ. ಬೇರೆ ದೇಶದ ಮೇಲಿನ ನಿಷ್ಠೆ ಬಿಡುತ್ತೇನೆ ಎಂದು ಅದರಲ್ಲಿ ಹೇಳಬೇಕು, ಹಾಗಾದರೆ ಬ್ರಿಟನ್ ಪೌರತ್ವ ಹೋಗುವುದಿಲ್ವಾ ಅಂತ. ಹೋಗುವುದಿಲ್ಲ. ಬ್ರಿಟನ್ನಿನ ಪೌರತ್ವ ಬಿಡಬೇಕಾದರೆ ಬ್ರಿಟನ್ ಸರ್ಕಾರಕ್ಕೇ ಬೇರೆ ಅರ್ಜಿ ಹಾಕಿ, ಅವರು ಅದನ್ನು ನೋಂದಾಯಿಸಬೇಕು. ಅಮೆರಿಕದಲ್ಲಿ ನಿಂತು ಹೇಳಿದ ಮಾತಿನಿಂದ ಬ್ರಿಟನ್ನಿನದು ಕಳೆದುಹೋಗುವುದಿಲ್ಲ.

ಯಾವ ಹೆಸರು ಇಟ್ಟುಕೊಳ್ಳುವುದು ಅನ್ನುವುದೇ ನನಗೆ ಕಷ್ಟವಾಗಿದ್ದು. ಕಾಗದ ಪತ್ರದ ಕೆಲಸ ಅದರ ಮುಂದೆ ಏನೂ ಅಲ್ಲ. ಊರಿನ ಹೆಸರು ತೆಗೆಯಲು ಮನಸ್ಸು ಬರಲಿಲ್ಲ. ಅಪ್ಪನ ಹೆಸರು ಹಿಂದಕ್ಕೆ ಹಾಕಿದರೆ ಅವರು ಬೇಜಾರು ಮಾಡಿಕೊಳ್ಳುತ್ತಾರಾ ಅನ್ನುವುದೂ ಇತ್ತು. ಒಂದು ಭಾನುವಾರ ಫೋನ್ ಮಾಡಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಿನ್ ಹೆಸ್ರು ಮೊದ್ಲು ಬರ್ಲಿ ಕಣವ್ವ. ನಂದು ಎಲ್ಲಾದ್ರೂ ಇರ್ಲಿ" ಅಂದರು. ನನ್ನ ಹೆಸರು ಮೊದಲು, ಬಸರಾಳು ನಡುವೆ, ಅಪ್ಪನ ಹೆಸರು ಸರ್‌ನೇಮ್. ಹಾಗೆ ಬರೆದುಕೊಟ್ಟೆ. ನ್ಯಾಯಾಧೀಶರ ಮುಂದೆ ಆ ದಿನ ನನ್ನನ್ನು ನನ್ನ ಹೆಸರಿನಿಂದ ಕರೆದರು.

ಈಗ "ಮೊದಲು ಯಾವ ದೇಶದಲ್ಲಿ" ಅನ್ನುವುದಕ್ಕೆ ಬರುತ್ತೇನೆ. ಬ್ರಿಟನ್ ಒಳಗಿದ್ದರೆ ಹೆಸರು ಬದಲಾಯಿಸುವುದು ತುಂಬಾ ಸುಲಭ. ಡೀಡ್ ಪೋಲ್ ಎಂಬ ಒಂದು ಪತ್ರ ಬರೆದು, ಸಾಕ್ಷಿ ಸಹಿ ಹಾಕಿಸಿದರೆ ಸಾಕು, ಹದಿನಾರು ತುಂಬಿದವರು ಯಾರು ಬೇಕಾದರೂ ಮಾಡಬಹುದು. ಇದನ್ನು ಕೇಳಿ ಎಲ್ಲರೂ "ಹಾಗಾದ್ರೆ ಅಲ್ಲೇ ಮೊದಲು ಮಾಡಿದ್ರಾಯ್ತು" ಅನ್ನುತ್ತಾರೆ. ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಡೀಡ್ ಪೋಲ್ ಆಗುತ್ತದೆ, ಆದರೆ ನಿಮ್ಮ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇದ್ದು ಅದರಲ್ಲಿ ಹಳೇ ಹೆಸರಿದ್ದರೆ, ಬ್ರಿಟನ್ನಿನವರು ಹೊಸ ಹೆಸರಿನಲ್ಲಿ ಪಾಸ್‌ಪೋರ್ಟ್ ಕೊಡುವುದಿಲ್ಲ. ಒಬ್ಬ ಮನುಷ್ಯನಿಗೆ ಎಲ್ಲ ಕಡೆ ಒಂದೇ ಹೆಸರು ಇರಬೇಕು ಎನ್ನುವುದು ಅವರ ನಿಯಮ. ಮೊದಲು ಆ ಪಾಸ್‌ಪೋರ್ಟ್ ಬದಲಾಯಿಸಿಕೊಂಡು ಬನ್ನಿ ಅನ್ನುತ್ತಾರೆ. ಇನ್ನೊಂದು ದೇಶದ ಕಾನೂನು ಹೆಸರು ಬದಲಾಯಿಸಲು ಬಿಡುವುದೇ ಇಲ್ಲ ಎಂದು ತೋರಿಸುವಂಥ ಕೆಲವೇ ಸಂದರ್ಭದಲ್ಲಿ ವಿನಾಯಿತಿ ಇದೆ.

ಹಾಗಾಗಿ ನನ್ನ ಉತ್ತರ: ಬ್ರಿಟನ್ ನಿಮ್ಮ ಎರಡರಲ್ಲಿ ಒಂದಾಗಿದ್ದರೆ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ನಾನು ಅಮೆರಿಕದ ಪೌರತ್ವ ಪತ್ರ ಹೊಸ ಹೆಸರಿನಲ್ಲಿ ಬಂದ ಮೇಲೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದೆ. ಅದರ ಪ್ರತಿ ಪುಟದ ಬಣ್ಣದ ಪ್ರತಿ, ಖಾಲಿ ಪುಟ ಸಹಿತ, ನ್ಯಾಯಾಲಯದ ಪತ್ರದ ಜೊತೆ ಬ್ರಿಟನ್ನಿಗೆ ಕಳಿಸಿದೆ. ಹೊಸ ಹೆಸರಿನಲ್ಲಿ ಪಾಸ್‌ಪೋರ್ಟ್ ಬಂತು. ಬ್ರಿಟನ್ನಿನ 2008ರ ಪೌರತ್ವ ಪ್ರಮಾಣಪತ್ರ ಮಾತ್ರ ಇವತ್ತಿಗೂ ಹಳೇ ಹೆಸರಿನಲ್ಲೇ ಇದೆ, ಆಮೇಲೆ ಹೆಸರು ಬದಲಾಯಿತೆಂದು ಅದನ್ನು ತಿದ್ದಿ ಕೊಡುವ ಪದ್ಧತಿ ಇಲ್ಲ. ಅದಕ್ಕೇ ಕೋರ್ಟಿನ ಪತ್ರವನ್ನು ಯಾವಾಗಲೂ ಅದರ ಜೊತೆಗೇ ಇಡುತ್ತೇನೆ. ಮೂಲೆ ಕತ್ತರಿಸಿದ ಹಳೇ ಪಾಸ್‌ಪೋರ್ಟುಗಳನ್ನೂ ಎಸೆದಿಲ್ಲ. ನೀವೂ ಎಸೆಯಬೇಡಿ. ಹಳೇ ನೀವೂ ಹೊಸ ನೀವೂ ಒಬ್ಬರೇ ಎಂದು ತೋರಿಸುವ ಕೊಂಡಿ ಅವೇ.

ಹುಟ್ಟಿದ ಊರಿನ ಬಗ್ಗೆಯೂ ಒಂದು ಮಾತು. ನಾನು ಹುಟ್ಟಿದ್ದು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಅಂತ ಇಂಡಿಯಾ ಎಂದಷ್ಟೇ ಇದೆ, ಬ್ರಿಟನ್ನಿನದರಲ್ಲಿ ಊರಿನ ಹೆಸರಿದೆ, ಅದೂ ಇಂಗ್ಲಿಷಿನ ಹಳೇ ರೂಪ, ಮೈಸೋರ್. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮೂರು ಮೈಸೂರು ಆಗಿದೆ. ನಾನು ಹಳೆಯದನ್ನು ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ನನ್ನ ಜನನ ಪತ್ರದಲ್ಲೂ ಹಾಗೇ ಇದೆ. ಎರಡೂ ಒಂದೇ ಇದ್ದರೆ ಸಾಕು.

ಒಸಿಐ ಮರೆಯಬೇಡಿ. ಹೊಸ ಪಾಸ್‌ಪೋರ್ಟ್ ಬಂದಾಗ ಕಾರ್ಡ್ ಬದಲಾಯಿಸಬೇಕು ಎಂಬ ತೊಂದರೆಯನ್ನು 2021ರಲ್ಲಿ ಸಡಿಲ ಮಾಡಿದರು, ಈಗ ಹೆಚ್ಚಿನ ಸಲ ವಿವರ ಅಪ್‌ಲೋಡ್ ಮಾಡಿದರೆ ಸಾಕು. ಅದನ್ನು ನಂಬಿಕೊಂಡು ಹೆಸರು ಬದಲಾದಾಗಲೂ ಕೆಲವರು ಅಪ್‌ಲೋಡ್ ಮಾಡಿ ಸುಮ್ಮನಾಗುತ್ತಾರೆ. ಹೆಸರು ಬದಲಾದರೆ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕು. ಭಾರತದಲ್ಲೇ ಇದ್ದರೆ ನಮ್ಮ ಕಡೆಯವರು ಅದಕ್ಕೆ ಹೋಗಬೇಕಾದ್ದು ಬೆಂಗಳೂರಿನ ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ. ಇನ್ನು ಟಿಕೆಟ್ ಮಾಡಿಸುವಾಗ ಯಾವ ಪಾಸ್‌ಪೋರ್ಟ್ ತೋರಿಸುತ್ತೀರೋ ಅದರಲ್ಲಿರುವ ಹೆಸರೇ ಅಕ್ಷರಕ್ಕೆ ಅಕ್ಷರ ಇರಲಿ. ಅಮೆರಿಕಕ್ಕೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟೇ ಬೇಕು, ಇನ್ನೊಂದು ಇದ್ದರೂ ನಡೆಯುವುದಿಲ್ಲ.

"ಇಲ್ಲೇ ನೋಟರಿ ಹತ್ರ ಅಫಿಡವಿಟ್ ಮಾಡಿಸಿ, ಎರಡು ಪೇಪರಲ್ಲಿ ಜಾಹೀರಾತು ಕೊಟ್ಟು, ಗೆಜೆಟ್‌ನಲ್ಲಿ ಹಾಕಿಸಿದ್ರೆ ಆಗಲ್ವಾ?" ಎಂದೂ ಕೇಳುತ್ತಾರೆ. ಅದು ಭಾರತದ ಪ್ರಜೆಗಳು ಹಿಡಿಯುವ ದಾರಿ, ಅವರಿಗೆ ಸರಿ. ಪಾಸ್‌ಪೋರ್ಟ್ ಕೊಟ್ಟ ದೇಶದಲ್ಲೇ ನಿಮ್ಮ ಹೆಸರು ಬದಲಾಗಬೇಕು. ಇಲ್ಲಿಯ ಕಾಗದಗಳು ಆಮೇಲೆ.

ಆ ಇಲ್ಲಿಯ ಕಾಗದಗಳಲ್ಲೇ ನಾನು ಈಗ ಇದ್ದೇನೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಒಸಿಐ ಇರುವವರು ಹೊಲ ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದಿದ್ದನ್ನು ಪಡೆಯಬಹುದು. ಬಸರಾಳಿನಲ್ಲಿ ನಮ್ಮದು ಸ್ವಲ್ಪ ಗದ್ದೆ ಇದೆ, ಪೌತಿ ಖಾತೆ ಆಗಬೇಕು, ಅಂದರೆ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು. ವಂಶವೃಕ್ಷದಲ್ಲಿ ನನ್ನ ಹೆಸರು ಎರಡು ಇನಿಷಿಯಲ್ ಜೊತೆ ಇದೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲೂ ಹಾಗೇ ಇದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಮೊದಲು, ಅಪ್ಪನದು ಕೊನೆಗೆ. ಈ ಎರಡು ರೀತಿಯ ಹೆಸರೂ ಒಬ್ಬಳದೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದ್ದೇನೆ, ಕೋರ್ಟಿನ ಆದೇಶದ ಪ್ರತಿ ಲಗತ್ತಿಸಿದ್ದೇನೆ. ಹಳೆಯದನ್ನು ತಿದ್ದಿಸಲು ಹೋಗಿಲ್ಲ. ಹದಿನಾರನೇ ವಯಸ್ಸಿನಲ್ಲಿ ಪರೀಕ್ಷೆ ಬರೆದವಳ ಹೆಸರು ಅದೇ ಆಗಿತ್ತು, ಇರಲಿ.

ನಾಡಕಚೇರಿಯಲ್ಲಿ ಕಾಗದ ನೋಡುತ್ತಿದ್ದ ಹಿರಿಯರೊಬ್ಬರು ಪಾಸ್‌ಪೋರ್ಟಿನಲ್ಲಿ ಬಸರಾಳು ಎಂದಿರುವುದನ್ನು ಓದಿ, ತಲೆ ಎತ್ತಿ, "ಊರಿನ ಹೆಸ್ರು ಬಿಟ್ಟಿಲ್ವಲ್ಲ ತಾಯಿ" ಅಂದರು. ಇನ್ನೊಂದು ಸಹಿ ಬಾಕಿ ಇದೆಯಂತೆ, ಸೋಮವಾರ ಮತ್ತೆ ಹೋಗುತ್ತೇನೆ.