ಅಂಗಳದ ಕಲ್ಲಿಗೆ ಫೆಬ್ರವರಿಯೇ ಸರಿ

ಕಳೆದ ಅಕ್ಟೋಬರಿನಲ್ಲಿ ಅಮ್ಮ ರಂಗೋಲಿ ಹಾಕಲು ಹೋಗಿ ಅಂಗಳದ ಇಂಟರ್‌ಲಾಕ್ ಕಲ್ಲಿನ ಮೇಲೆ ಜಾರಿಬಿದ್ದರು. ಪಾಚಿ ಕಟ್ಟಿತ್ತು. ಅಂದಿನಿಂದ ಜಯನಗರದ ಮನೆಯ ಅಂಗಳದ ಕಲ್ಲು ತೊಳೆದು, ನೀರು ಹೀರದಂತೆ ಸೀಲರ್ ಎಂಬ ದ್ರವ ಬಳಿಯುವ ಕೆಲಸ ನನ್ನದು.

ಅದಕ್ಕೂ ಹಿಂದೆ, ಮಳೆ ನಿಂತ ಮರುದಿನವೇ ಕೆಲಸದವರೊಬ್ಬರು ಹೊಳಪಿನ ಅಕ್ರಿಲಿಕ್ ಸೀಲರ್ ಬಳಿದಿದ್ದರು. ಕಲ್ಲಿನೊಳಗಿನ ತೇವ ಪದರದಡಿ ಸಿಕ್ಕಿಕೊಂಡು ಎಲ್ಲ ಬೆಳ್ಳಗೆ ಮಬ್ಬಾಯಿತು. ಅದನ್ನು ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು.

ಈ ಸಲ ಫೆಬ್ರವರಿವರೆಗೆ ಕಾದೆ. ಬೆಂಗಳೂರಿನಲ್ಲಿ ಮಳೆ ತೀರಾ ಕಡಿಮೆ ಇರುವ ದಿನಗಳವು. ಕಡ್ಡಿ ಪೊರಕೆಯಿಂದ ಗುಡಿಸಿ, ಉಜ್ಜಿ ತೊಳೆದು, ಮೂರು ದಿನ ಬಿಸಿಲಿಗೆ ಬಿಟ್ಟೆ. ಸಂದುಗಳಿಗೆ ಒಣ ಮರಳು ತುಂಬಿದೆ; ಇದನ್ನು ಮರೆತರೆ ಕಲ್ಲು ಅಲುಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ಆಮೇಲೆ ಸಿಲೇನ್-ಸಿಲಾಕ್ಸೇನ್ ಸೀಲರ್, ಬೆಳಿಗ್ಗೆಯೇ, ಕಲ್ಲು ಕಾಯುವ ಮೊದಲು. ಅದು ಮೇಲೆ ಪದರ ಕಟ್ಟುವುದಿಲ್ಲ. ರಂಧ್ರಗಳೊಳಗೆ ಇಳಿದು ನೀರು ತಡೆಯುತ್ತದೆ, ಒಳಗಿನ ಆವಿಯನ್ನು ಹೊರಬಿಡುತ್ತದೆ. ಹೊಳಪು ಬರುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಆಗಾಗ ನೀರು ಚಿಮುಕಿಸಿ ನೋಡುತ್ತೇನೆ. ಹನಿ ಮಣಿಯಂತೆ ನಿಂತರೆ ಸರಿ. ಹೀರಿಕೊಂಡು ಕಲ್ಲು ಕಪ್ಪಾದರೆ ಮತ್ತೆ ಬಳಿಯಬೇಕು. ಹೊಂಗೆ ಮರದಡಿಯ ಎರಡು ಸಾಲು ಈಗಲೇ ಹೀರುತ್ತಿವೆ. ನೆರಳಿನಲ್ಲಿ ಅವು ಪೂರ್ತಿ ಒಣಗಿರಲಿಲ್ಲ ಅನಿಸುತ್ತದೆ.